ಐದು ಸಲ ಹೇಳಿದ ಮಾತಿನ ತರ್ಜುಮೆ

1932ನೇ ಇಸವಿ, ಫೆಬ್ರವರಿ 16, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷ. ಮಂಗಳೂರಿನ ಮ್ಯಾಜಿಸ್ಟ್ರೇಟರ ಕಚೇರಿಯ ತರ್ಜುಮೆ ಕೋಣೆಯಲ್ಲಿ ಇದ್ದವರು ಇಬ್ಬರೇ: ಶಿರಸ್ತೇದಾರ ಕಾಮತರು ಮತ್ತು ನಾನು. ಕಾಮತರು ನಿಂತುಕೊಂಡೇ ಒಂದು ಫೈಲನ್ನು ನನ್ನ ಮೇಜಿನ ಮೇಲಿಟ್ಟು, ಎರಡು ಗಂಟೆಗೆ ವಿಚಾರಣೆ, ಅಷ್ಟರೊಳಗೆ ಇಂಗ್ಲಿಷ್ ತರ್ಜುಮೆ ಬೇಕು ಎಂದರು. ಒಂದೇ ಪುಟದ ಕೆಲಸ ಎಂದೂ ಸೇರಿಸಿದರು.

ನಾನು ಆ ಕಚೇರಿಯಲ್ಲಿ ಟ್ರಾನ್ಸ್‌ಲೇಟರ್ ಆಗಿ ಹನ್ನೊಂದನೆಯ ವರ್ಷದಲ್ಲಿದ್ದೆ. ಕನ್ನಡ, ತುಳು ಭಾಷೆಗಳ ದಾಖಲೆಗಳನ್ನೂ ಸಾಕ್ಷಿಗಳ ಹೇಳಿಕೆಗಳನ್ನೂ ಇಂಗ್ಲಿಷಿಗೆ ತಿರುಗಿಸುವುದು ನನ್ನ ಕೆಲಸ. ಪ್ರತಿಯೊಂದು ತರ್ಜುಮೆಯ ಕೆಳಗೆ ‘ಇದು ಮೂಲಕ್ಕೆ ಸರಿಯಾದ ತರ್ಜುಮೆ’ ಎಂದು ಬರೆದು ಸಹಿ ಹಾಕಬೇಕಿತ್ತು. ಇದಕ್ಕೆ ಸರ್ಟಿಫಿಕೇಟ್ ಎನ್ನುತ್ತಿದ್ದರು. ಸಹಿ ಇಲ್ಲದಿದ್ದರೆ ಆ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ನನ್ನದು ಕಟ್ಟುನಿಟ್ಟಿನ ಪದ್ಧತಿ. ಬೋಳಾರದ ಮನೆಯಿಂದ ಒಂಬತ್ತೂ ಮೂವತ್ತೈದಕ್ಕೆ ಹೊರಡುವುದು, ಹತ್ತಕ್ಕೆ ಕುರ್ಚಿಯಲ್ಲಿ ಕೂರುವುದು, ಮೂಲವನ್ನು ಮೂರು ಸಲ ಓದಿದ ಮೇಲೆಯೇ ಲೇಖನಿ ಮುಟ್ಟುವುದು. ನಾನು ಓದಿದ ಮಿಶನ್ ಶಾಲೆಯ ಹೆಡ್‌ಮಾಸ್ಟರರು ಗಂಟೆ ಹೊಡೆದ ಮೇಲೆ ಬಂದವರನ್ನು ಗೇಟಿನ ಹೊರಗೇ ನಿಲ್ಲಿಸುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ.

ಫೈಲಿನ ಸಂಗತಿ ಇದು. ಕಾವೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ತಿಮೊಥಿ ಮಾಸ್ಟ್ರು ಎಂಬವರಿದ್ದರು. ವಾರದ ದಿನಗಳಲ್ಲಿ ಮಕ್ಕಳಿಗೆ ಪಾಠ, ಆದಿತ್ಯವಾರ ಉಪದೇಶಿಯ ಕೆಲಸ, ಅಂದರೆ ಪ್ರಾರ್ಥನೆ ನಡೆಸಿ ಬೈಬಲ್ ಓದಿ ವಿವರಿಸುವುದು. ಜನವರಿಯ ಕೊನೆಯ ಆದಿತ್ಯವಾರ ಸಂಜೆ ಕಾವೂರಿನ ಕೆರೆಯ ಬದಿಯಲ್ಲಿ ಹೆಂಚಿನ ಕಾರ್ಖಾನೆಯ ಕೆಲಸಗಾರರು ಸುಮಾರು ಎಪ್ಪತ್ತು ಮಂದಿ ಸೇರಿದ್ದರು. ಅವರಿಗೆ ಮಾಸ್ಟ್ರು ಬೈಬಲಿನ ಆಮೋಸ ಎಂಬ ಪ್ರವಾದಿಯ ಬಾಯಲ್ಲಿ ದೇವರು ತನ್ನ ಜನರಿಗೆ ಹೇಳುವ ಒಂದು ಅಧ್ಯಾಯವನ್ನು ತಮ್ಮ ಮಾತಿನಲ್ಲಿ ಹೇಳಿದರು. ಆ ವರ್ಷದ ಆರಂಭದಿಂದ ಕಾನೂನುಭಂಗ ಚಳವಳಿ ಮತ್ತೆ ಎದ್ದಿತ್ತು. ಹತ್ತು ಜನ ಸೇರಿದಲ್ಲಿ ಒಬ್ಬ ಪೊಲೀಸು ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದ ಕಾಲ. ಕೆರೆಯ ಬದಿಯಲ್ಲಿ ನಿಂತವರು ಹೆಡ್ ಕಾನ್‌ಸ್ಟೇಬಲ್ ಕೊರಗಪ್ಪ.

ಅವರ ಬರಹದ ಮೇಲೆ ಠಾಣೆಯ ರೈಟರು ಒಂದು ವರದಿ ತಯಾರಿಸಿದರು. ಆ ವರದಿಯ ಮೇಲೆ ಮಾಸ್ಟ್ರಿಗೆ ಕ್ರಿಮಿನಲ್ ಪ್ರೊಸೀಜರ್ ಕೋಡಿನ 108ನೇ ಸೆಕ್ಷನ್ನಿನ ನೋಟೀಸು ಹೋಯಿತು. ಸರಕಾರದ ವಿರುದ್ಧ ಜನರನ್ನು ಕೆರಳಿಸುವ ಮಾತಾಡಿದವನಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವ ಸೆಕ್ಷನ್ ಅದು. ಬರೆದುಕೊಟ್ಟರೆ ತಪ್ಪು ಒಪ್ಪಿದಂತೆ, ಬರೆದುಕೊಡದಿದ್ದರೆ ಒಂದು ವರ್ಷದವರೆಗೆ ಜೈಲು. ಶಾಲೆಯ ಆಡಳಿತದವರು ಎರಡರಲ್ಲಿ ಯಾವುದು ನಡೆದರೂ ಕೆಲಸ ಹೋಗುತ್ತದೆ ಎಂದು ಮೊದಲೇ ಕಾಗದ ಬರೆದಿದ್ದರು. ಮಾಸ್ಟ್ರಿಗೆ ಹೆಂಡತಿ, ನಾಲ್ಕು ಮಕ್ಕಳು. ವಾಸ ಶಾಲೆಯವರು ಕೊಟ್ಟ ಮನೆಯಲ್ಲಿ. ವಕೀಲರನ್ನು ಇಟ್ಟಿರಲಿಲ್ಲ. ಫೈಲಿನಲ್ಲಿ ಅವರ ಉತ್ತರ ಒಂದು ಸಾಲು: ‘ನಾನು ಹೇಳಿದ್ದನ್ನು ಹೇಳಿದ್ದೇನೆ, ಏನು ಹೇಳಿದೆ ಎಂಬುದನ್ನು ಸರಿಯಾಗಿ ಬರೆದುಕೊಳ್ಳಬೇಕೆಂದು ಪ್ರಾರ್ಥನೆ.’

ಠಾಣೆಯ ವರದಿಗೆ ಎಕ್ಸಿಬಿಟ್ ಎ ಎಂದು ಗುರುತು ಹಾಕಿದ್ದರು. ನಾನು ತರ್ಜುಮೆ ಮಾಡಬೇಕಾದದ್ದು ಅದನ್ನು. ಅದರ ಮುಖ್ಯ ಭಾಗ ಹೀಗಿತ್ತು: ‘ಭಾಷಣಕಾರನು ಹಸಿವು, ಮಳೆಯಿಲ್ಲದಿರುವಿಕೆ, ತೋಟಕ್ಕೆ ರೋಗ, ಮಾರಿಬೇನೆ, ಬೆಂಕಿ ಇವುಗಳ ವಿಷಯ ಹೇಳಿ, ನೀವು ತಿರುಗಿ ಬರಲಿಲ್ಲ, ಆದ್ದರಿಂದ ಎದುರಾಗಲು ಸಿದ್ಧರಾಗಿರಿ ಎಂದನು. ಜನರನ್ನು ಕೆರಳಿಸುವ ಉದ್ದೇಶದಿಂದ ಈ ಮಾತನ್ನು ಮತ್ತೆ ಮತ್ತೆ ಹೇಳಿದನು.’ ಬೆಂಕಿಯ ಪಕ್ಕದಲ್ಲೇ ‘ಸಿದ್ಧರಾಗಿರಿ’ ಬಂದಿತ್ತು. ಓದಿದವರಿಗೆ ಯಾರೋ ಪಂಜು ಹಿಡಿದು ಹೊರಟಂತೆ ಕಾಣುತ್ತಿತ್ತು.

ಮೂರು ಸಲ ಓದಿದೆ. ಇಂಗ್ಲಿಷ್ ಮಾಡಲು ಕಷ್ಟವಿರಲಿಲ್ಲ. ಆದರೆ ಫೈಲಿನ ಹಿಂದೆ ದಾರದಲ್ಲಿ ಕಟ್ಟಿದ ಒಂದು ಸಣ್ಣ ನೋಟ್‌ಬುಕ್ಕಿತ್ತು. ಎಕ್ಸಿಬಿಟ್ ಬಿ, ಕೊರಗಪ್ಪನ ಪೆನ್ಸಿಲ್ ಬರಹ. ಅದನ್ನು ಯಾರೂ ತರ್ಜುಮೆಗೆ ಕೇಳಿರಲಿಲ್ಲ. ನಕಲಿನ ಜೊತೆಗೆ ಮೂಲ ಇದ್ದರೆ ಮೂಲವನ್ನು ನೋಡದೆ ಬಿಡಬಾರದೆಂಬುದು ನನ್ನ ನಿಯಮ. ಬಿಚ್ಚಿದೆ.

ಪುಟದಲ್ಲಿ ಆರು ಸಾಲು. ಮೊದಲನೆಯದು: ‘ಹಸಿವು ಕಳುಹಿಸಿದೆ, ಪಾತ್ರೆ ಬರಿದಾಯಿತು. ಪ. ಆದರೂ ನೀವು ನನ್ನ ಹತ್ತಿರ ತಿರುಗಿ ಬರಲಿಲ್ಲ.’ ಎರಡನೆಯದು: ‘ಒಂದು ಊರಿಗೆ ಮಳೆ, ಪಕ್ಕದ ಊರಿಗೆ ಇಲ್ಲ, ನೀರಿಗಾಗಿ ಅಲೆದಿರಿ. ಪ.’ ಮೂರನೆಯದು: ‘ತೋಟಕ್ಕೆ ರೋಗ, ಹುಳ ಬಿತ್ತು. ಪ.’ ನಾಲ್ಕನೆಯದು: ‘ಮಾರಿ ಬಂತು, ಹುಡುಗರು ಸತ್ತರು. ಪ.’ ಐದನೆಯದು: ‘ಬೆಂಕಿಯಿಂದ ಎಳೆದ ಕೊಳ್ಳಿಯ ಹಾಗೆ ಉಳಿದಿರಿ. ಪ.’ ಆರನೆಯ ಸಾಲು: ‘ಸಿದ್ಧರಾಗಿರಿ, ದೇವರು ಎದುರು ಬರುತ್ತಾನೆ.’

ಆ ‘ಪ’ ಏನೆಂದು ಮಂಗಳೂರಿನಲ್ಲಿ ಭಜನೆಗೆ ಕುಳಿತ ಯಾರಿಗೂ ಹೇಳಬೇಕಾಗಿಲ್ಲ. ಭಜನೆ ಪುಸ್ತಕಗಳಲ್ಲಿ ಪಲ್ಲವಿಯನ್ನು ಒಮ್ಮೆ ಪೂರ್ತಿ ಬರೆದು ಪಕ್ಕದಲ್ಲಿ ‘ಪ’ ಹಾಕುತ್ತಾರೆ. ಆಮೇಲೆ ಪ್ರತಿ ನುಡಿಯ ಕೊನೆಗೆ ಬರೀ ‘ಪ’. ಅದನ್ನು ಕಂಡಾಗ ಹಾಡುವವನು ಪಲ್ಲವಿಗೆ ಹಿಂತಿರುಗಬೇಕು. ಕೊರಗಪ್ಪ ಶನಿವಾರದ ಭಜನೆಯಲ್ಲಿ ತಾಳ ಹಿಡಿಯುವವರು ಎಂದು ಕಚೇರಿಗೆಲ್ಲ ಗೊತ್ತಿತ್ತು. ಮಾತು ವೇಗವಾಗಿ ಬರುವಾಗ ಅವರ ಕೈ ತನಗೆ ಅಭ್ಯಾಸವಿದ್ದ ದಾರಿ ಹಿಡಿದಿತ್ತು. ಠಾಣೆಯ ರೈಟರು ಪುತ್ತೂರಿನ ಕಡೆಯಿಂದ ಹೊಸದಾಗಿ ಬಂದವರು, ಕೊರಗಪ್ಪನ ಬರಹದ ಪರಿಚಯ ಇಲ್ಲದವರು. ಅವರು ಎಲ್ಲಾ ‘ಪ’ಗಳನ್ನು ಬಿಟ್ಟು, ಐದು ಕಷ್ಟಗಳನ್ನು ಒಂದು ಕಟ್ಟು ಮಾಡಿ, ಪಲ್ಲವಿಯನ್ನು ಕೊನೆಗೆ ಒಮ್ಮೆ ಮಾತ್ರ ಇಟ್ಟಿದ್ದರು. ಮತ್ತೆ ಮತ್ತೆ ಹೇಳಿದ ಎಂಬುದು ಆಪಾದನೆ. ಆದರೆ ಎಲ್ಲೆಲ್ಲಿ, ಎಷ್ಟು ಸಲ ಹೇಳಿದ ಎಂಬುದೇ ವರದಿಯಲ್ಲಿ ಇರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ರೈಟರ ಮೇಲೆ ನಗುವ ಅಧಿಕಾರ ನನಗಿರಲಿಲ್ಲ. ಹತ್ತು ವರ್ಷ ನಾನೂ ಅದನ್ನೇ ಮಾಡಿದ್ದೆ. ಸಾಕ್ಷಿ ಹೇಳುವವರು ಒಂದೇ ಮಾತನ್ನು ಮೂರು ಸಲ ಹೇಳಿದರೆ ಒಮ್ಮೆ ಬರೆದು ‘ಪುನಃ ಅದನ್ನೇ ಹೇಳುತ್ತಾನೆ’ ಎಂದು ಮುಗಿಸುತ್ತಿದ್ದೆ. ಸಮಯ ಉಳಿಯುತ್ತದೆ, ಓದುವ ಅಧಿಕಾರಿಗೂ ಸುಖ. ಆ ದಿನವೂ ಮೊದಲಿಗೆ ನನಗೆ ಅನಿಸಿದ್ದು ಅಷ್ಟೇ: ಪಲ್ಲವಿ ತಾನೇ, ಎಷ್ಟು ಸಲ ಹಾಡಿದರೂ ಪಲ್ಲವಿಯೇ.

ಆದರೂ ಲೆಕ್ಕ ಸರಿಯಾಗಲಿ ಎಂದು ಒಂದು ರಫ್ ಕಾಗದದಲ್ಲಿ ಪ್ರತಿ ‘ಪ’ ಇದ್ದಲ್ಲಿ ಆ ಸಾಲನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಬರೆದೆ. ಎರಡನೆಯ ಸಲ ಬರೆಯುವಾಗ ಬೇಸರ. ಮೂರನೆಯ ಸಲ ನನಗರಿಯದೆ ನಿಬ್ಬು ಒತ್ತಿ ಶಾಯಿ ಹರಡಿತು. ಅದು ಸಿಟ್ಟಿನ ಮಾತು ಎಂದು ಕೈ ಎಣಿಸಿತ್ತು. ನಾಲ್ಕನೆಯದರ ಹಿಂದೆ ಸತ್ತ ಹುಡುಗರಿದ್ದರು. ಅಲ್ಲಿ ಸಿಟ್ಟು ನಿಲ್ಲಲಿಲ್ಲ. ಐದನೆಯ ಸಲ ಬರೆದು ಲೇಖನಿ ಇಟ್ಟಾಗ ಇದು ಬೆದರಿಕೆ ಅಲ್ಲ ಎಂಬುದು ಖಚಿತವಾಯಿತು. ಶಬ್ದಗಳು ಒಂದೂ ಬದಲಾಗಿರಲಿಲ್ಲ. ಒಂದೊಂದು ಕಷ್ಟದ ನಂತರ ಅದೇ ಶಬ್ದಗಳು ಹೊಸ ಸ್ಥಳದಲ್ಲಿ ನಿಂತಿದ್ದವು. ಆ ಸಾಲಿನಲ್ಲಿ ಯಾರೋ ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದರು. ಬಂದವರು ಯಾರೂ ಇಲ್ಲ.

ಹನ್ನೊಂದೂವರೆಗೆ ಆ ಕಾಗದ ಹಿಡಿದು ಕಾಮತರ ಬಳಿ ಹೋದೆ. ಎಕ್ಸಿಬಿಟ್ ಬಿಯನ್ನೂ ತರ್ಜುಮೆ ಮಾಡಿ ಹಾಕಬೇಕು ಎಂದೆ. ಕಾಮತರು ಕೆಟ್ಟವರಲ್ಲ. ಮೂವತ್ತು ವರ್ಷ ಕಚೇರಿಯನ್ನು ಗಡಿಯಾರದಂತೆ ನಡೆಸಿದವರು. ಆದರೆ ಪೊಲೀಸರ ಕೇಸಿಗೆ ಕಚೇರಿಯಿಂದಲೇ ಅಡ್ಡಗಾಲು ಬಂತು ಎಂಬ ಮಾತು ಅವರಿಗೆ ಬೇಡವಾಗಿತ್ತು.

“ಶೆಟ್ರೆ, ನಿಮಗೆ ಎಂತ ಆಗಿದೆ ಮಾರಾಯ್ರೆ? ಅದು ಪೆನ್ಸಿಲಿನ ಗೀಟು. ಅದರಲ್ಲಿ ಅದೇ ಅದೇ ಉಂಟು.”

“ಅದಕ್ಕೇ ಬೇಕು. ಅದೇ ಅದೇ ಹೇಳಿದ ಅಂತ ಕೇಸು ಹಾಕಿದ್ದಾರೆ.”

“ಹಾಗಾದರೆ ಒಮ್ಮೆ ಬರೆದು ಕೆಳಗೆ ‘ಐದು ಸಲ’ ಅಂತ ಹಾಕಿ. ಐದು ಸಲ ಬರೆಯಲಿಕ್ಕೆ ಇದೆಂತ ರಾಮನಾಮವಾ?”

ನಾನು ಹಾಗೆ ಬರೆಯುವುದಿಲ್ಲ ಎಂದೆ. ಎ ಮಾತ್ರ ಸಾಕು ಎಂದು ಅವರು ಲಿಖಿತ ಅಪ್ಪಣೆ ಕೊಟ್ಟರೆ ಎ ಮಾತ್ರ ಮಾಡುತ್ತೇನೆ, ಆದರೆ ಫೈಲಿನಲ್ಲಿ ಮೂಲ ಬೇರೆಯೇ ಇದೆ ಎಂದು ಸರ್ಟಿಫಿಕೇಟಿನಲ್ಲಿ ನಮೂದಿಸುತ್ತೇನೆ ಎಂದೂ ಹೇಳಿದೆ. ಲಿಖಿತ ಅಪ್ಪಣೆ ಎಂದ ಕೂಡಲೇ ಕಾಮತರು ಕನ್ನಡಕ ತೆಗೆದು ಒರೆಸಿದರು. ಸಾಹೇಬರು ಕೇಳಿದರೆ ಉತ್ತರ ನಿಮ್ಮದು ಎಂದರು. ಒಪ್ಪಿಗೆ ಕೊಟ್ಟದ್ದಲ್ಲ, ಬಿಟ್ಟುಬಿಟ್ಟದ್ದು.

ನನ್ನ ಮುಂದೆ ಇನ್ನೊಂದು ಕಟ್ಟಳೆ ಇತ್ತು. ಮೂಲದಲ್ಲಿ ಇರುವುದನ್ನು ಬಿಡಬಾರದು ನಿಜ, ಇಲ್ಲದ್ದನ್ನು ಸೇರಿಸಲೂಬಾರದು. ಬಿಯಲ್ಲಿ ಸಾಲು ಪೂರ್ತಿಯಾಗಿ ಇದ್ದದ್ದು ಒಮ್ಮೆ, ಉಳಿದ ನಾಲ್ಕು ಕಡೆ ಗುರುತು ಮಾತ್ರ. ಗುರುತಿನ ಅರ್ಥ ನನಗೆ ಗೊತ್ತು ಎಂಬುದು ಸಾಕ್ಷ್ಯವಲ್ಲ. ಆದ್ದರಿಂದ ಎರಡು ಹಾಳೆ ಮಾಡಿದೆ. ಒಂದರಲ್ಲಿ ಗುರುತನ್ನು ಇದ್ದ ಹಾಗೆಯೇ ಬಿಟ್ಟು, ಇದು ಹಾಡಿನ ಪುಸ್ತಕಗಳಲ್ಲಿ ಪಲ್ಲವಿಗೆ ಹಾಕುವ ಗುರುತು, ಬರೆದವನನ್ನೇ ಕೇಳಿ ತಿಳಿಯುವುದು ಎಂದು ಟಿಪ್ಪಣಿ ಹಾಕಿದೆ. ಎರಡನೆಯದರಲ್ಲಿ ಸಾಲನ್ನು ಐದು ಸಲ ಪೂರ್ತಿ ಬರೆದು, ಕೋರ್ಟು ಒಪ್ಪಿದರೆ ಮಾತ್ರ ಇದನ್ನು ಓದುವುದು ಎಂದು ಸೂಚಿಸಿದೆ.

ಒಂದು ಗಂಟೆಗೆ ಊಟಕ್ಕೆ ಎದ್ದಾಗ ಜಗಲಿಯಲ್ಲಿ ಕೊರಗಪ್ಪ ಕಾದಿದ್ದರು. ಮುಖ ಬಾಡಿತ್ತು. ನೋಟ್‌ಬುಕ್ ಹೊರಗೆ ಬಂದಿದೆ ಎಂದು ಅವರಿಗೆ ಹೇಗೋ ತಿಳಿದಿತ್ತು.

“ಶೆಟ್ರೆ, ನನ್ನ ಬರಹದಲ್ಲಿ ಎಂತಾದರೂ ಎಡವಟ್ಟು ಉಂಟಾ?”

“ನನ್ನ ಹತ್ತಿರ ಮಾತಾಡಬೇಡಿ ಕೊರಗಪ್ಪಣ್ಣ. ನೀವು ಸಾಕ್ಷಿ.”

“ಒಂದೇ ಮಾತು.”

“ಅರ್ಧ ಮಾತೂ ಬೇಡ. ಒಳಗೆ ಕೇಳ್ತಾರೆ, ಅಲ್ಲಿ ಹೇಳಿ.”

ಅವರನ್ನು ಅಲ್ಲಿಯೇ ಬಿಟ್ಟು ಹೋದೆ. ಒರಟಾಯಿತು ಎಂದು ಆಗಲೂ ಗೊತ್ತಿತ್ತು. ನಾನು ಒಂದು ಮಾತು ಆಡಿದ್ದರೂ ಆಮೇಲೆ ಅವರು ಹೇಳಿದ್ದೆಲ್ಲ ನಾನು ಹೇಳಿಕೊಟ್ಟದ್ದು ಎಂದಾಗುತ್ತಿತ್ತು.

ಎರಡು ಗಂಟೆಗೆ ಸರಿಯಾಗಿ ಮ್ಯಾಜಿಸ್ಟ್ರೇಟರು ಬಂದರು. ತಂಜಾವೂರಿನ ಕಡೆಯವರು, ಮಂಗಳೂರಿಗೆ ಬಂದು ಆರು ತಿಂಗಳಾಗಿತ್ತು, ಕನ್ನಡ ಬಾರದು. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು, ಉತ್ತರವನ್ನು ಇಂಗ್ಲಿಷಿನಲ್ಲಿ ತಿರುಗಿಸಬೇಕು. ಪೊಲೀಸರ ಪರವಾಗಿ ಕೇಸು ನಡೆಸುವವರು ಪ್ರಾಸಿಕ್ಯೂಟಿಂಗ್ ಇನ್‌ಸ್ಪೆಕ್ಟರು. ತಿಮೊಥಿ ಮಾಸ್ಟ್ರನ್ನು ನಾನು ಕಂಡದ್ದು ಆಗಲೇ ಮೊದಲು. ಐವತ್ತರ ಹತ್ತಿರದ ತೆಳ್ಳಗಿನ ಮನುಷ್ಯ, ಮುಚ್ಚಿದ ಕೋಟು, ಬಿಳಿ ಮುಂಡು, ಬರಿಗಾಲು. ಮೊಣಕೈಯಲ್ಲಿ ಸೀಮೆಸುಣ್ಣದ ಗುರುತು ಅಳಿಸಿರಲಿಲ್ಲ. ಬೋರ್ಡಿನ ಮುಂದಿನಿಂದ ನೇರ ಬಂದಿರಬೇಕು.

ಇನ್‌ಸ್ಪೆಕ್ಟರು ಎಕ್ಸಿಬಿಟ್ ಎ ಓದಿದರು. ಮ್ಯಾಜಿಸ್ಟ್ರೇಟರು ನನ್ನ ಟಿಪ್ಪಣಿ ಇದ್ದ ಹಾಳೆಯನ್ನು ಎತ್ತಿ ಎರಡು ಸಲ ಓದಿದರು. ಪೊಲೀಸು ಬರೆದುಕೊಂಡ ಭಾಷಣದಲ್ಲಿ ಪಲ್ಲವಿ ಎಲ್ಲಿಂದ ಬಂತು ಎಂದು ಕೇಳಿದರು. ಬರೆದವರೇ ಹೇಳಬೇಕು ಎಂದೆ. ಇನ್‌ಸ್ಪೆಕ್ಟರು ಎದ್ದು ನಿಂತು, ಟ್ರಾನ್ಸ್‌ಲೇಟರ್ ಯಾರೂ ಕೇಳದ ದಾಖಲೆಯನ್ನು ತರ್ಜುಮೆ ಮಾಡಿದ್ದಾರೆ, ಇದನ್ನು ತೆಗೆದುಹಾಕಬೇಕು ಎಂದರು. ಮ್ಯಾಜಿಸ್ಟ್ರೇಟರು ಆ ನೋಟ್‌ಬುಕ್ಕಿಗೆ ಗುರುತು ಹಾಕಿ ಕೊಟ್ಟವರು ಯಾರು ಎಂದು ಕೇಳಿದರು. ಪೊಲೀಸರೇ ಕೊಟ್ಟಿದ್ದರು. ಇನ್‌ಸ್ಪೆಕ್ಟರು ಕುಳಿತರು.

ಕೊರಗಪ್ಪ ಸಾಕ್ಷಿಯ ಕಟಕಟೆಗೆ ಬಂದರು. ‘ಪ’ ಎಂದರೆ ಪಲ್ಲವಿ, ಬೇಗ ಬರೆಯಬೇಕಾದಾಗ ಹೀಗೆ ಗುರುತು ಹಾಕುವುದು ತನ್ನ ವಾಡಿಕೆ, ಆ ಸಾಲನ್ನು ಮಾಸ್ಟ್ರು ಐದು ಸಲ ಹೇಳಿದರು, ಎಲ್ಲಿ ಗುರುತಿದೆಯೋ ಅಲ್ಲಿ ಹೇಳಿದರು ಎಂದು ಒಪ್ಪಿದರು. ಇನ್‌ಸ್ಪೆಕ್ಟರಿಗೆ ಆಗ ಧೈರ್ಯ ಬಂತು. ಐದು ಸಲ ಹೇಳಿದ್ದು ಜನರನ್ನು ಎಬ್ಬಿಸಲಿಕ್ಕೆ ತಾನೇ, ಜನ ಆ ಮಾತನ್ನು ತಾವೂ ಕೂಗಿದರು ತಾನೇ ಎಂದು ಕೇಳಿದರು. ತನ್ನ ಮೇಲಧಿಕಾರಿ ಬಯಸುವ ಉತ್ತರ ಯಾವುದೆಂದು ಕೊರಗಪ್ಪನಿಗೆ ಗೊತ್ತಿತ್ತು. ಅವರು ಕಟಕಟೆಯ ಮರವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

“ಇಲ್ಲ ಸ್ವಾಮಿ. ಭಜನೆಯಲ್ಲಿ ಆದರೆ ಜನ ಪಲ್ಲವಿ ಎತ್ತಿಕೊಳ್ತಾರೆ. ಇಲ್ಲಿಯೂ ಎತ್ತಿಕೊಳ್ತಾರೆ ಅಂತ ನಾನು ಕಾದೆ. ಯಾರೂ ಎತ್ತಿಕೊಳ್ಳಲಿಲ್ಲ. ಮಾಸ್ಟ್ರ ಸ್ವರ ಪ್ರತಿ ಸಲ ತಗ್ಗಿತು. ಐದನೆಯ ಸಲ ಕೇಳದೆ ನಾನು ಹತ್ತಿರ ಹೋಗಬೇಕಾಯಿತು.”

ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ಇನ್‌ಸ್ಪೆಕ್ಟರು ಕೊರಗಪ್ಪನನ್ನು ನೋಡಿದ ರೀತಿಯಲ್ಲಿಯೇ ಅವರ ಮುಂದಿನ ವರ್ಗಾವಣೆ ಬರೆದಿತ್ತು. ಎರಡು ತಿಂಗಳಲ್ಲಿ ಅದು ಬಂತು. ಕೊರಗಪ್ಪ ಪೆಟ್ಟಿಗೆಯ ಜೊತೆ ತಾಳವನ್ನೂ ಕಟ್ಟಿಕೊಂಡು ಹೋದರು.

ಮ್ಯಾಜಿಸ್ಟ್ರೇಟರು ನನ್ನ ಎರಡನೆಯ ಹಾಳೆಯನ್ನು ಓದಲು ಹೇಳಿದರು. ಓದಿದೆ. ಐದು ಸಲ, ಒಂದು ಅಕ್ಷರ ನುಂಗದೆ. ಇನ್‌ಸ್ಪೆಕ್ಟರು ಮೂರನೆಯ ಸಲಕ್ಕೆ ಗಡಿಯಾರ ನೋಡಿದರು, ನಾಲ್ಕನೆಯ ಸಲಕ್ಕೆ ಕೆಮ್ಮಿದರು. ಐದನೆಯದು ಮುಗಿದಾಗ ಮ್ಯಾಜಿಸ್ಟ್ರೇಟರ ಬೆರಳು ಮೇಜಿನ ಮೇಲೆ ಆಡುತ್ತಿದ್ದದ್ದು ನಿಂತಿತ್ತು. ಅವರು ಸಂಗೀತದ ಊರಿನವರು. ಪಲ್ಲವಿ ಎಂದರೆ ಇದೇ, ಪ್ರತಿ ಚರಣದ ನಂತರ ಬಂದಾಗ ಅದರ ಬಣ್ಣ ಬೇರೆ, ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಅದನ್ನೂ ಕನ್ನಡದಲ್ಲಿ ಹೇಳಿದೆ. ಆಪಾದನೆ ಹೊತ್ತವನಿಗೆ ಕೋರ್ಟಿನ ಎಲ್ಲಾ ಮಾತು ತಿಳಿಯಬೇಕು.

ಮಾಸ್ಟ್ರು ತಲೆಯಾಡಿಸಿದರು. ಒಪ್ಪಿ ಅಲ್ಲ.

“ಹಾಡು ಅಲ್ಲ ಸ್ವಾಮಿ. ಹಾಡಿನಲ್ಲಿ ಪಲ್ಲವಿ ಬಂದರೆ ಕೇಳುವವನಿಗೆ ಸಂತೋಷ. ಇದು ಒಂದೊಂದು ಸಲ ಬರುವಾಗಲೂ ಹೇಳುವವನಿಗೆ ಸಂಕಟ.”

ಮ್ಯಾಜಿಸ್ಟ್ರೇಟರಿಗೆ ಹೀಗೆ ತಿದ್ದಿಸಿಕೊಂಡು ಅಭ್ಯಾಸವಿರಲಿಲ್ಲ. ಆದರೂ ವಿವರಿಸಿ ಎಂದರು. ಮಾಸ್ಟ್ರು ಶಾಲೆಯಲ್ಲಿ ಹೇಳುವಂತೆ ಸಾವಕಾಶವಾಗಿ ಹೇಳಿದರು. ಪ್ರವಾದಿ ಎಂದರೆ ಮುಂದೆ ಆಗುವುದನ್ನು ಕಣಿ ಹೇಳುವವನಲ್ಲ. ಈಗಲೂ ತಪ್ಪಿಸಬಹುದು ಎಂದು ಹೇಳಲು ಕಳುಹಿಸಲ್ಪಟ್ಟವನು. ಆಗಲೇಬೇಕಾದದ್ದಾದರೆ ಒಮ್ಮೆ ತಿಳಿಸಿದರೆ ಸಾಕಿತ್ತು, ಕೋರ್ಟಿನ ತೀರ್ಪಿನ ಹಾಗೆ. ಐದು ಸಲ ಹೇಳಿದ್ದರಿಂದಲೇ ಅದು ತೀರ್ಪು ಅಲ್ಲ ಎಂದು ಗೊತ್ತಾಗುತ್ತದೆ. ಪ್ರತಿ ಸಲವೂ ಕೇಳುವವನು ತಿರುಗಿ ಬರಬಹುದಿತ್ತು. ಆಗ ಮುಂದಿನ ಸಾಲು ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

“ಹೆದರಿಸುವವನು ಒಮ್ಮೆ ಹೇಳ್ತಾನೆ, ಮತ್ತೆ ಹೊಡೀತಾನೆ. ಐದು ಸಲ ಹೇಳುವವನಿಗೆ ಹೊಡೆಯಲಿಕ್ಕೆ ಮನಸ್ಸಿಲ್ಲ ಸ್ವಾಮಿ. ನನ್ನ ಮಾತಿನಿಂದ ನಾಲ್ಕು ಸಲ ತೆಗೆದು ಒಮ್ಮೆ ಉಳಿಸಿದ್ದಾರೆ. ನನ್ನ ಹತ್ತಿರ ದೊಣ್ಣೆ ಕೊಟ್ಟದ್ದು ಅವರು.”

ಕೋಣೆಯ ಹಿಂದೆ ಬೆಂಚಿನಲ್ಲಿದ್ದ ಯಾರೋ ನಕ್ಕರು. ಜವಾನ ಗದರಿಸಿದ.

ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟು, ಒಂದು ದಾರಿ ತೋರಿಸಿದರು. ಇದು ನಿಮ್ಮ ಧರ್ಮಗ್ರಂಥದಲ್ಲಿ ಹಳೆಯ ಕಾಲದ ಒಂದು ಜನಾಂಗಕ್ಕೆ ಹೇಳಿದ ಮಾತು, ಈಗಿನ ಸರಕಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿಬಿಡಿ. ಈ ಕ್ಷಣ ಫೈಲು ಮುಚ್ಚುತ್ತೇನೆ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಯಾವ ಮಾತನ್ನೂ ಒತ್ತಿ ಹೇಳಬಾರದೆಂಬ ನನ್ನ ನಿಯಮವನ್ನು ಆಗ ಮುರಿಯುವ ಮನಸ್ಸಾಯಿತು. ‘ಹೇಳಿಬಿಡಿ’ ಎಂಬಲ್ಲಿ ಸ್ವಲ್ಪ ನಿಂತೆ. ನಾಲ್ಕು ಮಕ್ಕಳ ತಂದೆಗೆ ಅಷ್ಟು ಸಾಕಾಗಬೇಕಿತ್ತು.

ಅವರು ನನ್ನನ್ನು ನೋಡಿದರು, ಆಮೇಲೆ ಮ್ಯಾಜಿಸ್ಟ್ರೇಟರನ್ನು.

“ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ‘ನೀವು’ ಅಂದದ್ದು ಅಲ್ಲಿ ಕುಳಿತವರಿಗೆ, ಮೊದಲು ನನಗೆ. ಸರಕಾರಕ್ಕೆ ಇಲ್ಲ ಅಂತ ಹೇಳಿದರೆ ಸರಕಾರಕ್ಕೆ ತಿರುಗಿ ಬರುವ ದಾರಿ ಇಲ್ಲ ಅಂತ ಆಯಿತು. ಅವರಿಗೂ ಉಂಟು ಸ್ವಾಮಿ.”

ಇನ್‌ಸ್ಪೆಕ್ಟರಿಗೆ ಕನ್ನಡ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ನಿಂತಿದ್ದರು. ಆ ಒಂದು ಕ್ಷಣ ನನ್ನ ಕೆಲಸದ ಹನ್ನೊಂದು ವರ್ಷಗಳಲ್ಲಿ ಅತ್ಯಂತ ಕಷ್ಟದ್ದು. ‘ಅವರಿಗೂ ಉಂಟು’ ಎಂಬುದನ್ನು ಇಂಗ್ಲಿಷಿನಲ್ಲಿ ಮೆತ್ತಗೆ ಮಾಡಿ ಹೇಳುವ ಹತ್ತು ದಾರಿಗಳು ನನಗೆ ಗೊತ್ತಿದ್ದವು. ಆದರೆ ಬೆಳಿಗ್ಗೆ ಒಬ್ಬರು ಬಿಟ್ಟದ್ದಕ್ಕೆ ಜಗಳವಾಡಿದ ನಾನು ಮಧ್ಯಾಹ್ನ ಬಿಡುವುದು ಹೇಗೆ? ದಯೆಯಿಂದ ಬಿಟ್ಟರೂ ಬಿಟ್ಟದ್ದೇ. ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿದೆ. ಕೊನೆಯ ಎರಡು ಶಬ್ದಗಳನ್ನೂ.

ಇನ್‌ಸ್ಪೆಕ್ಟರು ಇದು ತಪ್ಪೊಪ್ಪಿಗೆ ಎಂದು ವಾದಿಸಿದರು. ಹತ್ತು ನಿಮಿಷ ಮಾತಾಡಿದರು. ಮ್ಯಾಜಿಸ್ಟ್ರೇಟರು ಬರೆಯುತ್ತಾ ಇದ್ದರು. ಮಾಸ್ಟ್ರು ಕೋಟಿನ ಗುಂಡಿ ಸರಿಪಡಿಸಿಕೊಂಡರು. ಹೊರಗೆ ಜಗಲಿಯಲ್ಲಿ ಅವರ ಹೆಂಡತಿ ಒಂದು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತದ್ದು ನನಗೆ ಕಾಣುತ್ತಿತ್ತು. ಜೈಲಿಗೆ ಬೇಕಾದ ಬಟ್ಟೆ ಎಂದು ಆಮೇಲೆ ತಿಳಿಯಿತು. ಗಂಡ ಏನು ಹೇಳುತ್ತಾರೆ ಎಂದು ಆಕೆಗೆ ಮನೆಯಿಂದ ಹೊರಡುವಾಗಲೇ ಗೊತ್ತಿತ್ತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆರ್ಡರು ಓದಿದರು. ಎಕ್ಸಿಬಿಟ್ ಎ ಭಾಷಣದ ನಿಜವಾದ ದಾಖಲೆ ಅಲ್ಲ. ಎಕ್ಸಿಬಿಟ್ ಬಿಯನ್ನು ಪೂರ್ತಿಯಾಗಿ ಓದಿದಾಗ ಪುನರುಕ್ತಿಯು ಕೆರಳಿಸುವುದಕ್ಕೆ ಎಂದು ಕಾಣುವುದಿಲ್ಲ. ಪೊಲೀಸರ ಸಾಕ್ಷಿಯೇ ಸ್ವರ ತಗ್ಗಿತು ಎಂದಿದ್ದಾನೆ. ಎದುರುದಾರರು ಈ ದಿನ ಕೋರ್ಟಿನಲ್ಲಿ ಕೊಟ್ಟ ಉತ್ತರ ಅವಿವೇಕದ್ದು, ಆದರೆ ನೋಟೀಸು ಕೊಟ್ಟದ್ದು ಆ ಉತ್ತರಕ್ಕಲ್ಲ. ನಡಾವಳಿ ಕೈಬಿಡಲಾಗಿದೆ.

ಓದಿ ಮುಗಿಸಿ, ಇನ್ನು ಮುಂದೆ ಈ ಅಧ್ಯಾಯವನ್ನು ಬಿಟ್ಟು ಬೇರೆ ಏನಾದರೂ ಓದಬಾರದೇ ಎಂದು ಮ್ಯಾಜಿಸ್ಟ್ರೇಟರು ಮಾಸ್ಟ್ರನ್ನು ಕೇಳಿದರು. ದಾಖಲೆಗಲ್ಲ, ಸುಮ್ಮನೆ.

“ಆದಿತ್ಯವಾರಕ್ಕೆ ಆ ಪಾಠ ಬಂದಾಗ ಓದ್ತೇನೆ ಸ್ವಾಮಿ. ಐದು ಸಲವೇ ಓದ್ತೇನೆ.”

ಮ್ಯಾಜಿಸ್ಟ್ರೇಟರು ಮುಂದಿನ ಕೇಸು ಕರೆಯಲು ಹೇಳಿದರು. ಹೊರಗೆ ಮಾಸ್ಟ್ರ ಹೆಂಡತಿ ಗಂಟನ್ನು ಅವರ ಕೈಗೆ ಕೊಟ್ಟು, ಹೊತ್ತುಕೊಂಡು ಬಂದವಳು ನಾನು, ಹೊತ್ತುಕೊಂಡು ಹೋಗುವುದು ನೀವು, ಎಂದು ತುಳುವಿನಲ್ಲಿ ಗದರಿಸಿದ್ದು ಕೇಳಿಸಿತು. ಅವರ ಕೆಲಸ ಉಳಿಯಿತು. ಶಾಲೆಯ ಆಡಳಿತದವರು ಎರಡನೆಯ ಕಾಗದ ಬರೆಯಲಿಲ್ಲ.

ಈ ಕೇಸಿನಿಂದ ನಾನು ಕಲಿತದ್ದು ಬೈಬಲ್ ಅಲ್ಲ; ನಾನು ಈಗಲೂ ನನ್ನ ದೈವದೇವರ ಮನುಷ್ಯ. ಕಲಿತದ್ದು ನನ್ನ ಕೆಲಸವನ್ನು. ಆ ದಿನದ ನಂತರ ಇಪ್ಪತ್ತೊಂದು ವರ್ಷ ಕೆಲಸ ಮಾಡಿದೆ. ‘ಪುನಃ ಅದನ್ನೇ ಹೇಳುತ್ತಾನೆ’ ಎಂದು ಒಮ್ಮೆಯೂ ಬರೆಯಲಿಲ್ಲ. ಬಾವಿಗೆ ಬಿದ್ದ ಮಗಳ ವಿಷಯ ಹೇಳುವಾಗ ಪಣಂಬೂರಿನ ಒಬ್ಬ ತಾಯಿ ‘ನಾನು ಮನೆಯಲ್ಲಿ ಇದ್ದೆ’ ಎಂದು ಏಳು ಸಲ ಹೇಳಿದಳು. ಏಳು ಸಲ ಬರೆದೆ. ಮೊದಲ ಎರಡು ಸಲ ಅದು ಪೊಲೀಸರಿಗೆ ಉತ್ತರ. ಉಳಿದದ್ದು ಯಾರಿಗೆ ಎಂದು ಓದಿದವರಿಗೆ ತಿಳಿಯಿತು. ಜನ ಮರೆವಿನಿಂದ ಹೇಳಿದ್ದನ್ನೇ ಹೇಳುವುದು ಕಡಿಮೆ. ಹೇಳಿದ್ದು ಇನ್ನೂ ತಲುಪಲಿಲ್ಲ ಎಂದು ಗೊತ್ತಿರುವುದರಿಂದ ಹೇಳುತ್ತಾರೆ. ಅದನ್ನು ಕತ್ತರಿಸುವ ಅಧಿಕಾರ ಯಾವ ಗುಮಾಸ್ತನಿಗೂ ಇಲ್ಲ. ಅಧಿಕಾರ ಉಂಟು ಎಂದು ಯಾರಾದರೂ ಹೇಳಿದರೆ ಲಿಖಿತ ಅಪ್ಪಣೆ ಕೇಳಬೇಕು.

ಆ ದಿನದ ಕೆಲಸ ಇನ್ನೂ ಮುಗಿದಿರಲಿಲ್ಲ. ಐದು ಗಂಟೆ ಐದು ನಿಮಿಷಕ್ಕೆ ಜವಾನ ಒಂದು ಮೆಮೊ ತಂದುಕೊಟ್ಟ. ಮೆಮೊ ಎಂದರೆ ಕಚೇರಿಯೊಳಗಿನ ಸಮಜಾಯಿಷಿ ನೋಟೀಸು. ಇನ್‌ಸ್ಪೆಕ್ಟರು ದೂರು ಕೊಟ್ಟಿದ್ದಾರೆ, ಅಪ್ಪಣೆಯಿಲ್ಲದ ದಾಖಲೆಯನ್ನು ತರ್ಜುಮೆ ಮಾಡಿದ್ದೇಕೆ, ಕಚೇರಿ ಮುಚ್ಚುವ ಮೊದಲು ಉತ್ತರ ಕೊಡುವುದು. ಕೆಳಗೆ ಕಾಮತರ ಸಹಿ. ಲೇಖನಿ ತೊಳೆದು ಇಟ್ಟಿದ್ದೆ, ಮತ್ತೆ ತೆಗೆದೆ. ಉತ್ತರ ಬರೆದು ನಾನೇ ಕೊಂಡುಹೋಗಿ ಕೊಟ್ಟೆ.

ಕಾಮತರು ಓದಿದರು. ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದರು.

“ಇದರಲ್ಲಿ ಕ್ಷಮಿಸಬೇಕು ಅಂತ ಎಲ್ಲಿ ಉಂಟು ಶೆಟ್ರೆ?”

“ಇಲ್ಲ.”

“ಮೇಲೆ ಕಳುಹಿಸಬೇಕು ಇದನ್ನು. ಒಂದು ಸಾಲು ಸೇರಿಸಿ ಮಾರಾಯ್ರೆ. ನಿಮ್ಮ ಒಳ್ಳೆಯದಕ್ಕೆ ಹೇಳುವುದು.”

ಇದ್ದದ್ದು ಸಾಕು, ಇದನ್ನೇ ಕಳುಹಿಸಿ ಎಂದೆ. ಅವರು ನಿಟ್ಟುಸಿರುಬಿಟ್ಟು ರಿಜಿಸ್ಟರಿನಲ್ಲಿ ನಂಬರು ಹಾಕಿದರು. ನಾನು ಬರೆದದ್ದು ಇಷ್ಟು: ‘ಮೂಲವು ಫೈಲಿನಲ್ಲಿ ಇತ್ತು. ಮೂಲವನ್ನು ಬಿಟ್ಟಿದ್ದರೆ ನನ್ನ ಸರ್ಟಿಫಿಕೇಟ್ ಸುಳ್ಳಾಗುತ್ತಿತ್ತು. ಇಂಥದೇ ಫೈಲು ಇನ್ನೊಮ್ಮೆ ಬಂದರೆ ಹೀಗೆಯೇ ಮಾಡುತ್ತೇನೆ.’ ತಲುಪಿದ ವೇಳೆ ಐದು ಗಂಟೆ ಇಪ್ಪತ್ತೆಂಟು ನಿಮಿಷ ಎಂದು ಬರೆಯಿಸಿ, ಅದರ ಪಕ್ಕ ಸಹಿ ಹಾಕಿ, ಮನೆಗೆ ಹೊರಟೆ.